ಈ ವಾರದ ಕ್ರಿಯಾಪದ: ಪುಟ್ ಅಪ್ ವಿತ್

ಜನವರಿ ೧೨, ಸೋಮವಾರ

ಸಂಜೆ ಬ್ಯಾಚು ಮುಗಿಯಿತು. ಗಂಟಲು ಉರಿಯುತ್ತಿದೆ. ಈ ವಾರದ ಕ್ರಿಯಾಪದ — ಪುಟ್ ಅಪ್ ವಿತ್. ಸಹಿಸಿಕೊಳ್ಳುವುದು. ಮಾಗಡಿ ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲಿನ ಈ ಟ್ಯುಟೋರಿಯಲ್ಲಿನಲ್ಲಿ ಇಂಗ್ಲಿಷ್ ಸುಮ್ಮನೆ ಯಾರ ತಲೆಗೂ ಹತ್ತದು. ಅಭಿನಯಿಸಬೇಕು. ನಾಟಕದ ಮೇಷ್ಟ್ರ ಮಗ ನಾನು. ಬೆಂಚು ಹತ್ತಿ, ಡಸ್ಟರನ್ನು ಖಡ್ಗದಂತೆ ಸೆಳೆದು ಗರ್ಜಿಸಿದೆ — "ಐ ವಿಲ್ ನಾಟ್ ಪುಟ್ ಅಪ್ ವಿತ್ ದಿಸ್ ಇನ್ಸಲ್ಟ್." ಈ ಅವಮಾನವನ್ನು ಸಹಿಸೆನು. ಕೆಳಗೆ ಕಂಡಕ್ಟರುಗಳು ತಲೆಯೆತ್ತಿ ನೋಡಿದರು.

ವಾಸಿಂ ಕೇಳಿದ: "ಸಾರ್, ವಿತ್ ಬುಟ್ಬುಟ್ರೆ ನಡೆಯಲ್ವಾ?"

"ವಿತ್ ಬುಟ್ರೆ ತಲೆ ಹಾರ್ತದೆ ಕಣ್ಲಾ."

ಐದು ವಾಕ್ಯ ಹೋಂವರ್ಕು. ಅವರವರ ಜೀವನದಿಂದಲೇ. ಸುಳ್ಳು ವಾಕ್ಯ ತಂದವರು ಹೊರಗೆ.

ತಂಗಿ ಅನುಷಾಳ ಹೋಂವರ್ಕು ಫೋನಿಗೆ ಬಂತು. ಇಪ್ಪತ್ತೆಂಟಕ್ಕೆ ಚನ್ನಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಟೀಚರ್ ಕೆಲಸಕ್ಕೆ ಇಂಟರ್‌ವ್ಯೂ ಇದೆ, ಅದಕ್ಕೇ ತಯಾರಿ. ಸೆಕೆ, ಸೊಳ್ಳೆ, ಕರೆಂಟು, ಬಸ್ಸು. ಐದನೆಯದು — ಐ ಪುಟ್ ಅಪ್ ವಿತ್ ಮೈ ಹಸ್ಬೆಂಡ್. ನಕ್ಕು, 'ಕರೆಕ್ಟ್, ಎಲ್ಲ ಹೆಂಡಿರ ವಾಕ್ಯ' ಎಂದು ಉತ್ತರಿಸಿದೆ.

ಜನವರಿ ೧೫, ಸಂಕ್ರಾಂತಿ

ಎಳ್ಳು-ಬೆಲ್ಲ ಹಿಡಿದು ತಂಗಿಯ ಊರಿಗೆ. ವಿರೂಪಾಕ್ಷಿಪುರದಲ್ಲಿ ಇಳಿದು ನಡೆದೆ. ಬೀದಿಯ ತುದಿಗೇ ಕೇಳಿಸಿತು — ತಂಗಿಯ ಗಂಡ ನರೇಂದ್ರನ ಗುಡುಗು. "ಎದ್ದೇಳೇ, ಎದ್ದು ನಿಲ್ಲೇ." ಧಡ್. ಹೆಣ್ಣಿನ ಚೀತ್ಕಾರ. ಮತ್ತೆ ಧಡ್.

ಎದುರುಮನೆಯ ದೊಡ್ಡಲಕ್ಷ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಒಸಿ ಕುಂತ್ಕೊಳಪ್ಪ. ನಾಟಕದ ಟ್ರಯಲ್ ನಡೀತೈತೆ. ದಿನಾ ಹಿಂಗೇಯ."

ಶಿವರಾತ್ರಿಗೆ ಊರ ನಾಟಕ. ನರೇಂದ್ರನದು ರಾಜನ ಪಾರ್ಟು. ನಮ್ಮಪ್ಪ ಬರೆದ ನಾಟಕವೇ. ಬಾಗಿಲ ಹೊರಗೆ ನಿಂತೆ. ದೃಶ್ಯದ ನಡುವೆ ನುಗ್ಗುವುದು ಕಲಾವಿದನಿಗೆ ಅವಮರ್ಯಾದೆ. ಕಣ್ಣು ಮುಚ್ಚಿ ಆಲಿಸಿದೆ. ಉಸಿರು ಚೆನ್ನಾಗಿದೆ, ದನಿ ಮಾತ್ರ ಎದೆಯಿಂದ ಬರುತ್ತಿದೆ, ಹೊಟ್ಟೆಯಿಂದ ಬರಬೇಕು. ಇದನ್ನು ಅವನಿಗೆ ಹೇಳಿಯೂ ಹೇಳಿದೆ. ಬೆವರು ಒರೆಸಿಕೊಳ್ಳುತ್ತ, "ಸರಿ ಬಾವ, ತಿದ್ಕೊತೀನಿ" ಎಂದ.

ಅನುಷಾ ನೀರು ತಂದಳು. ಎಡಗೈಯಲ್ಲಿ. ಸೆರಗು ಬಲಗೈ ಮುಚ್ಚಿತ್ತು. "ಲೆಫ್ಟ್ ಹ್ಯಾಂಡಾ? ಹಬ್ಬದ ದಿನ?" ಎಂದು ರೇಗಿಸಿದೆ. ಅವಳು ನನ್ನನ್ನು ನೋಡುತ್ತಲೇ ಇದ್ದಳು. ನಾನು ಪೊಂಗಲ್ ತಿಂದೆ.

ರಾತ್ರಿ ೮.೩೦

ರಾಮನಗರದಲ್ಲಿ ಬಸ್ಸು ಬದಲಿಸುವಾಗ ಹೊಳೆಯಿತು. ಒಂದು ಕಾಲು ಫುಟ್‌ಬೋರ್ಡಿನ ಮೇಲೆ. ಆ ನಾಟಕ ಮೊದಲಿಂದ ಕಡೆಯವರೆಗೆ ನನಗೆ ಬಾಯಿಪಾಠ. ಅದರಲ್ಲಿ ರಾಜ ಹೆಂಗಸಿಗೆ ಹೊಡೆಯುವ ದೃಶ್ಯವೇ ಇಲ್ಲ.

ವಿರೂಪಾಕ್ಷಿಪುರಕ್ಕೆ ಇನ್ನು ಬಸ್ಸಿಲ್ಲ. ಫೋನ್ ಮಾಡಿದೆ. ಅವನೇ ಎತ್ತಿದ. "ಮಲಗವ್ಳೆ ಬಾವ." ಹಿಂದೆ ಏನೋ ಬಿದ್ದ ಸದ್ದು.

ಜನವರಿ ೧೬, ಬೆಳಗ್ಗೆ, ಬಸ್ಸಿನಲ್ಲಿ

ಬಾಗಿಲ ಹೊರಗೆ ನಿಂತಿದ್ದೆ. ತಾಳ ಹಾಕುತ್ತ ನಿಂತಿದ್ದೆ. ಇಂದು ಅವನ ಎರಡೂ ಕೈ ಮುರಿಯದೆ…

ಜನವರಿ ೨೦, ರಾಮನಗರ, ಆಸ್ಪತ್ರೆ

ನನ್ನ ದವಡೆ ಎರಡು ಕಡೆ ಬಿರುಕು. ಹಲ್ಲಿಗೆ ತಂತಿ ಬಿಗಿದಿದ್ದಾರೆ. ಸ್ಟ್ರಾದಲ್ಲಿ ಗಂಜಿ. ಮಾತಿಲ್ಲ. ಬರೆಯುತ್ತೇನೆ.

ತಪ್ಪು ನನ್ನದೇ. ಸೀದಾ ಹೋಗಿ ಕುತ್ತಿಗೆ ಹಿಡಿಯಬೇಕಿತ್ತು. ಹುಟ್ಟುಗುಣ… ಅಂದು ಅವನ ಅಂಗಳದಲ್ಲಿ ನಿಂತು ಸವಾಲೆಸೆದೆ. "ಹೊರಗೆ ಬಾರೋ ಹೇಡಿ, ಅಬಲೆಯ ಮೇಲೆ ಕೈಯೆತ್ತಿದ ನಿನ್ನ ತೋಳ್ಬಲವನ್ನು ನನ್ನೆದುರು ತೋರು…" ಮೂರು ಸಾಲು. ಏರುದನಿಯಲ್ಲಿ. ಅಷ್ಟರಲ್ಲಿ ಅವನು ಒಳಗಿಂದ ಗದೆ ತಂದ. ಮರದ್ದು, ಮೇಲೆ ಬೆಳ್ಳಿ ಕಾಗದ. ಟ್ರಯಲ್ಲಿನಲ್ಲಿ ಅದು ಮೈಯಿಂದ ಗೇಣು ದೂರದಲ್ಲಿ ನಿಲ್ಲುತ್ತದೆ. ನಿಲ್ಲಲಿಲ್ಲ. ಬಾಯಿತುಂಬ ಹಲ್ಲಿನ ಚೂರು, ಉಪ್ಪು.

ಬೀದಿಯವರು ಸೇರಿದ್ದರು. ಒಬ್ಬ ಶಿಳ್ಳೆ ಹೊಡೆದ. "ಬಾವಮೈದುನ್ರು ಸಕತ್ತಾಗ್ ಮಾಡ್ತಾವ್ರೆ ಕಣ್ಲಾ, ಇದ್ನೂ ಶಿವರಾತ್ರಿಗೆ ಸೇರ್ಸಿ."

ಎರಡನೆಯ ಏಟು ಹೆಗಲಿಗೆ. ಬಿದ್ದೆ. ಕೈಗೆ ಒಂದು ಸೈಜುಗಲ್ಲು ಸಿಕ್ಕಿತು. ಅವನ ಮಂಡಿಗೆ ಹಾಕಿದೆ. ಲಟಕ್ ಎಂದಿತು. ಅವನು ಕುಸಿದ ಕೂಡಲೇ ಎದೆಯ ಮೇಲೆ ಹತ್ತಿ ಕೂತೆ. ನನ್ನ ರಕ್ತ ಅವನ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಆಗ ಶಿಳ್ಳೆ ನಿಂತಿತು. ಕಲ್ಲು ಅವನ ಹಣೆಯ ನೇರಕ್ಕೆ ಎತ್ತಿದೆ. ಹಾಕಿಯೇ ಬಿಡುತ್ತಿದ್ದೆ. ಸಂತೋಷದಿಂದ.

ಅನುಷಾ ಹಿಂದಿನಿಂದ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದಳು. ಅವಳ ಬಲಗೈ ಮೊಣಕೈವರೆಗೆ ಬದನೆಕಾಯಿಯ ಬಣ್ಣ.

"ಅಣ್ಣಯ್ಯ, ಇವ್ನು ಸತ್ರೆ ನೀನು ಜೈಲ್ಗೋಗ್ತೀಯ, ನಾನು ಇಲ್ಲೇ ಉಳ್ಕೊತೀನಿ. ಕಲ್ಲು ಬುಡು. ನನ್ನ ಕರ್ಕೊಂಡೋಗು."

ಜನವರಿ ೨೪, ಮಾಗಡಿ

ಮನೆಗೆ ಬಂದಾಯಿತು. ಅನುಷಾಳ ಕೈಗೆ ಪಟ್ಟಿ, ನನ್ನ ಬಾಯಿಗೆ ತಂತಿ. ಮಧ್ಯಾಹ್ನ ನರೇಂದ್ರನ ದೊಡ್ಡಪ್ಪ ಮುನಿಶಾಮಯ್ಯ ರಾಜಿಗೆ ಬಂದರು. ಬೀಡಿ ಹಚ್ಚಿಕೊಂಡು ಚಕ್ಕಳಮಕ್ಕಳ ಹಾಕಿ ಕೂತರು.

"ಸ್ಟೇಷನ್ನಲ್ಲಿ ಬರ್ಕೊಟ್ಟಿರೋ ಕಂಪ್ಲೇಂಟ್ ವಾಪಸ್ ತಕ್ಕೊಳವ್ವ. ಸಂಸಾರ ಅಂದ್ಮೇಲೆ ಹೆಣ್ಮಕ್ಳು ಒಸಿ ಸಹಿಸ್ಕೋಬೇಕು."

ನಾನು ಬಾಯಿ ತೆರೆಯಲಾರದೆ ಗೋಡೆಗೆ ಗುದ್ದಿದೆ. ಅನುಷಾ ಕೂತಲ್ಲಿಂದಲೇ, ದನಿ ಏರಿಸದೆ ಹೇಳಿದಳು:

"ಸೆಕೆ ಸಹಿಸ್ಕೊತೀನಿ ಮಾವ. ಕರೆಂಟ್ ಹೋದ್ರೂ ಸಹಿಸ್ಕೊತೀನಿ. ನಿಮ್ ಬೀಡಿ ಹೊಗೆ ಈಗ್ಲೂ ಸಹಿಸ್ಕೊಂಡೇ ಕುಂತಿದ್ದೀನಿ. ಕೈ ಮುರ್ಸ್ಕೊಳೋದು ಆ ಸಾಲ್ಗೆ ಸೇರಲ್ಲ."

ಮುನಿಶಾಮಯ್ಯ ಬೀಡಿ ಆರಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ, "ಅವ್ನು ಎಲ್ಲವ್ನೋ ನಂಗೂ ಗೊತ್ತಿಲ್ಲ. ಹುಷಾರು" ಎಂದರು.

ಇಷ್ಟು ವರ್ಷ ಈ ಕ್ರಿಯಾಪದ ಕಲಿಸಿದೆ. ವಿತ್ ಬಿಟ್ಟರೆ ತಲೆ ತೆಗೆಯುತ್ತೇನೆಂದೆ. ವಿತ್ ಆದ ಮೇಲೆ ಯಾವುದನ್ನು ಇಡಬಹುದು, ಯಾವುದನ್ನು ಇಡಬಾರದು — ಒಮ್ಮೆಯೂ ಹೇಳಲಿಲ್ಲ.

ಜನವರಿ ೨೬

ಧ್ವಜ ಹಾರಿಸಿ ಬರುವಷ್ಟರಲ್ಲಿ ಅವಳ ಫೋನಿಗೆ ಅವನ ವಾಯ್ಸ್ ಮೆಸೇಜು. "ಇಂಟರ್‌ವ್ಯೂಗೆ ಓಗು. ಗೇಟ್ತಾವ್ಲೇ ಮುಗುಸ್ತೀನಿ." ನಾಟಕದ ದನಿ ಅಲ್ಲ. ತಣ್ಣಗಿತ್ತು. ಸ್ಟೇಷನ್ನಿನಲ್ಲಿ ಕೇಳಿಸಿ ಬಂದೆವು. "ನೋಡ್ಕೊತೀವಿ" ಎಂದರು.

ಹೋಗಬೇಡ ಎಂದು ಚೀಟಿ ಬರೆದು ಕೊಟ್ಟೆ. ಹರಿದು ಹಾಕಿದಳು.

ಜನವರಿ ೨೮, ೧೦.೧೦, ಚನ್ನಪಟ್ಟಣ

ಶಾಲೆಯ ಎದುರು ಟೀ ಅಂಗಡಿ. ಅವಳು ಒಳಗಿದ್ದಾಳೆ. ಡೆಮೊ ಕ್ಲಾಸ್ ಅಂತೆ. ಒಳಗೆ ಹೋಗುವ ಮುನ್ನ ವಾಚ್‌ಮನ್ ಸನಾವುಲ್ಲಾ ಅವರ ಬಳಿ ನಿಂತು ಮೊಬೈಲಿನಲ್ಲಿ ಗಂಡನ ಫೋಟೋ ತೋರಿಸಿದಳು. "ಇವ್ರು ಬಂದ್ರೆ ಗೇಟ್ ಹಾಕ್ಬುಡಿ ಸಾಬ್ರೆ. ನಮ್ಮಣ್ಣ ಆಚೆ ಇದ್ರೂ ಸರಿ, ತೆಗೀಬೇಡಿ."

೧೦.೩೫

ಕಿಟಕಿ ತೆರೆದಿದೆ. ಅವಳ ದನಿ ಸಣ್ಣಗೆ ಬರುತ್ತಿದೆ. ಮಕ್ಕಳಿಂದಲೇ ವಾಕ್ಯ ಹೇಳಿಸುತ್ತಿದ್ದಾಳೆ. ವಿ ಪುಟ್ ಅಪ್ ವಿತ್ ದಿ ಡಸ್ಟ್. ವಿ ಪುಟ್ ಅಪ್ ವಿತ್ ದಿ ನಾಯ್ಸ್. ಒಂದು ಹುಡುಗಿ ಏನೋ ಕೇಳಿತು. "ನೋ," ಎಂದಳು ಅನುಷಾ. "ನಾಟ್ ದಟ್. ನೆವರ್ ದಟ್." ಏನು ಕೇಳಿತೋ ತಿಳಿಯಲಿಲ್ಲ.

೧೦.೫೦

ಬೈಕು. ಅವನೇ. ಕುಂಟುತ್ತ ಇಳಿದ. ಟವಲಿನಲ್ಲಿ ಸುತ್ತಿದ್ದೇನೋ, ಮೊಳದುದ್ದ. ಸನಾವುಲ್ಲಾ ನೋಡಿದರು, ಗೇಟು ಎಳೆದರು, ಸರಪಳಿ ಬಿಗಿದರು. ಅವನು ಒದೆಯುತ್ತಿದ್ದಾನೆ. ಕಬ್ಬಿಣ ಕಿರುಚುತ್ತಿದೆ. ಟವಲು ಬಿಚ್ಚಿದ. ಮಚ್ಚು. ಟೀ ಅಂಗಡಿಯವನು ಪೊಲೀಸರಿಗೆ ಫೋನ್ ಹಚ್ಚಿದ್ದಾನೆ, ಉಳಿದವರು ಓಡಿದರು. ಒಳಗೆ ಮಕ್ಕಳ ದನಿ ನಿಂತಿಲ್ಲ. ಅವಳು ಪಾಠ ನಿಲ್ಲಿಸಿಲ್ಲ.

ನರೇಂದ್ರ ಈಗ ಗೋಡೆ ಹತ್ತಲು ನೋಡುತ್ತಿದ್ದಾನೆ. ಬೆನ್ನು ನನ್ನ ಕಡೆಗಿದೆ. ಈ ಸಲ ಸಂಭಾಷಣೆ ಇಲ್ಲ. ಅಂಗಡಿಯ ಬೆಂಚು ಎತ್ತಿಕೊಂಡು ಅವನ ಬೆನ್ನಿಗೆ ಹಾಕಲು ಹೊರಟೆ.