ರಾಯವ್ವನ ನಿಲುಗೆ

ಬೀದರ, ಕೆಳಓಣಿ, ಮೂರನೆಯ ಗಾಳಿಬಾವಿಯ ಪಕ್ಕದ ಮನೆ.
ಇಳಿದ ಮೇಲಿನ ನೂರ ಎಂಬತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು, ನಲವತ್ತನೆಯ ದಿನ.

ಮೇಲೆ ಬಾಳಿ ಹೋದ ಹಿರಿಯರಿಗೆ ಘಾಳೆಪ್ಪನ ಶರಣು.

ತಾರೀಖು ನೋಡಿ ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಹನ್ನೆರಡು ತಿಂಗಳು ನಮಗೂ ಇವೆ. ಹದಿಮೂರನೆಯದಕ್ಕೆ ಉರಿತಿಂಗಳು ಎನ್ನುತ್ತೇವೆ. ಮೇಲಿನ ಸೆಕೆ ಏರಿ ಎಲ್ಲ ಕದಗಳನ್ನೂ ಮುಚ್ಚಿದ ದಿನ ಅದು ಶುರುವಾಗುತ್ತದೆ, ಸೆಕೆ ಇಳಿದು ಮತ್ತೆ ತೆರೆದ ದಿನ ಮುಗಿಯುತ್ತದೆ. ಕೆಲವು ವರ್ಷ ಇಪ್ಪತ್ತು ದಿನ, ಕೆಲವು ವರ್ಷ ಅರವತ್ತು. ನನ್ನ ಮಾತಿನ ವಿಚಿತ್ರಕ್ಕೂ ಕ್ಷಮೆ ಇರಲಿ. ನಿಮ್ಮ ಬರವಣಿಗೆಯ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಾಲದಿಂದ ಈ ಓಣಿಗೆ ಉಳಿದು ಬಂದ ಮೂರು ಕಾಗದಗಳಿಂದ. ಒಂದು ಮದುವೆಯ ಕರೆಯೋಲೆ, ಒಂದು ನೀರಿನ ಪಂಪಿನ ಕೈಪಿಡಿ, ಇನ್ನೊಂದು ಶಾಲೆಯ ಸಮಾಜ ಪುಸ್ತಕದ ಅರ್ಧ. ಎಲ್ಲೋ ಮದುವೆಗೆ ಕರೆದಂತೆ, ಎಲ್ಲೋ ಪಂಪು ಮುಟ್ಟಬೇಡಿ ಎಂದು ಗದರಿಸಿದಂತೆ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕೂಸಿನ ನಿಲುಗೆಗೆ ಮುಂಚೆ ಅಪ್ಪನೋ ಅವ್ವನೋ ಹಿರಿಯರಿಗೊಂದು ಕಾಗದ ಬರೆದು ಒಣಬಾವಿಗೆ ಹಾಕುವುದು ಇಲ್ಲಿಯ ಪದ್ಧತಿ. ಇದುವರೆಗೆ ಯಾರಿಗೂ ಉತ್ತರ ಬಂದದ್ದಿಲ್ಲ. ನನ್ನ ಹೆಂಡತಿ ಸುಗಲಾ ಹಣತೆಗೆ ಬತ್ತಿ ಹೊಸೆಯುತ್ತ, "ಬರಿ, ಬರಿ. ಸತ್ತವರಿಗಾದ್ರೂ ನಿನ್ನ ಮಾತ ಕೇಳ್ಲಕ್ಕ ಪುರಸೊತ್ತದ" ಎಂದಳು. ಅವಳ ಗೇಲಿಯ ಕೆಳಗೆ ಹೆದರಿಕೆ ಇತ್ತು. ಹೆದರಿದಾಗಲೇ ಅವಳು ನನ್ನನ್ನು ಹೆಚ್ಚು ಗೇಲಿ ಮಾಡುವುದು.

ನಾವಿರುವುದು ನೆಲದ ಕೆಳಗೆ. ಬೀದರದ ಕೆಂಪುಕಲ್ಲಿನಲ್ಲಿ ಹಳಬರು ನೀರಿಗಾಗಿ ಕೊರೆದಿದ್ದ ಸುರಂಗಗಳನ್ನು ನಮ್ಮ ಮುತ್ತಜ್ಜಂದಿರು ಅಗಲ ಮಾಡಿ ಓಣಿಗಳಾಗಿಸಿದರು. ಇಲ್ಲಿ ಆಡುಗಳಿವೆ, ಕನ್ನಡಿಯಿಂದ ಬಿಸಿಲು ಇಳಿಸಿ ಜೋಳ ಬೆಳೆಯುವ ಗುಂಡಿಗಳಿವೆ, ಜಗಳಗಳಿವೆ, ಮದುವೆಗಳಿವೆ. ಮೇಲೆ ಮಾತ್ರ ಯಾರೂ ಇಲ್ಲ. ಹಸಿ ಕಂಬಳಿ ಹೊದೆಯದೆ ಬೆಳಗಿನ ಹೊತ್ತಿನಲ್ಲಿ ಮೂವತ್ತು ಉಸಿರು ನಿಲ್ಲಬಹುದು. ಆಮೇಲೆ ಕಣ್ಣು ಕತ್ತಲಾಗಿ ಬೀಳುತ್ತೀರಿ, ಬಿದ್ದಲ್ಲಿ ಚರ್ಮ ಅಂಟಿಕೊಳ್ಳುತ್ತದೆ. ನಾನು ಗಾಳಿಬಾವಿಗಳ ದೂಳು ಕೆರೆಯುವವನು, ಓಣಿಗೆ ಉಸಿರು ಬರುವ ಕಂಡಿಗಳು ಅವು. ತುದಿಯವರೆಗೂ ಹತ್ತಿ ಇಳಿಯುವ ಕೆಲಸ. ನನ್ನ ಎಡಗಿವಿಯ ಮೇಲುತುದಿ ಇಲ್ಲ. ಕಂಬಳಿ ಒಮ್ಮೆ ಜಾರಿತ್ತು, ಅಷ್ಟೆ.

ಇನ್ನು ನಿಲುಗೆ. ನಮ್ಮ ಅಜ್ಜನ ಕಾಲದಲ್ಲಿ ಮೂಡಣ ಕದ ತೆರೆದಿದ್ದಾಗ ಒಂದು ಕೂಸು ಹೊರಗೆ ಓಡಿತು. ಅದರ ಹಿಂದೆ ಅವ್ವ ಓಡಿದಳು. ಅವ್ವನ ಹಿಂದೆ ಅಪ್ಪ, ಅಪ್ಪನ ಹಿಂದೆ ಅವನ ತಮ್ಮ. ಹೀಗೆ ಏಳು ಜನ ಓಡಿದರು, ಒಬ್ಬರೂ ಮರಳಲಿಲ್ಲ. ಅವರು ಬಂದಾರೆಂದು ಕದ ತೆರೆದೇ ಇಟ್ಟಿದ್ದರಿಂದ ಸೆಕೆ ಒಳನುಗ್ಗಿ ಓಣಿಯ ಮುದುಕರು ಇನ್ನೂ ಹನ್ನೊಂದು ಮಂದಿ ಸತ್ತರು. ಕೂಸು ಮಾತ್ರ ಅವ್ವನ ಮೈಯ ನೆರಳಲ್ಲಿ ಜೀವಂತ ಸಿಕ್ಕಿತು. ಅಂದಿನಿಂದ ನಿಯಮ ಬಂತು. ಎರಡು ತುಂಬಿದ ದಿನ ಕೂಸನ್ನು ಮೂಡಣ ಕದದ ಮುಂದೆ ಬಿಡಬೇಕು. ಕದ ತೆರೆಯುತ್ತಾರೆ. ಹೊಸ್ತಿಲಿಗೆ ಸುಣ್ಣದ ಗೆರೆ. ಹತ್ತು ಹೆಜ್ಜೆ ಹಿಂದಿನಿಂದ ಅಪ್ಪ ಅಥವಾ ಅವ್ವ ಒಂದೇ ಸಲ "ನಿಂದ್ರು" ಎಂದು ಕೂಗಬೇಕು. ನಿಂತ ಕೂಸು ಮನೆಗೆ. ನಿಲ್ಲದ ಕೂಸು ಆಳದ ಮನೆಗೆ, ಐದು ವರ್ಷವಾಗುವವರೆಗೆ. ಅದು ಎಲ್ಲಕ್ಕಿಂತ ಕೆಳಗಿನ ಓಣಿ, ಅಲ್ಲಿಗೆ ಯಾವ ಕದವೂ ಇಲ್ಲ. ತಿಂಗಳಿಗೊಮ್ಮೆ ಹೋಗಿ ನೋಡಬಹುದು. ಅಲ್ಲಿಂದ ಬಂದ ಮಕ್ಕಳನ್ನು ನಾನು ಬಲ್ಲೆ. ಯಾರು ಎತ್ತಿಕೊಂಡರೂ ಸುಮ್ಮನೆ ಇರುತ್ತಾರೆ, ಯಾರು ಕೆಳಗಿಳಿಸಿದರೂ ಅಳುವುದಿಲ್ಲ.

ರಾಯವ್ವ ನನ್ನ ಮಗಳು. ಅವಳಿಗೆ ಎರಡು ತುಂಬಲು ಒಂದೇ ದಿನ ಬಾಕಿ. ಆ ಒಂದು ದಿನ ನಲವತ್ತು ದಿನಗಳಿಂದ ಹಾಗೇ ಉಳಿದಿದೆ, ಏಕೆಂದರೆ ಉರಿತಿಂಗಳಲ್ಲಿ ಯಾರ ವಯಸ್ಸೂ ಏರುವುದಿಲ್ಲ. ಓಣಿಯವರೆಲ್ಲ ಸೆಕೆ ಇಳಿಯಲಿ ಎಂದು ಹರಕೆ ಹೊರುತ್ತಿದ್ದರೆ ನಾನೊಬ್ಬ ಇಳಿಯದಿರಲಿ ಎಂದು ಬೇಡುತ್ತಿದ್ದೇನೆ. ಸೆಕೆಯನ್ನು ನೋಡಿ ಹೇಳುವವನೂ ನಾನೇ. ಗಾಳಿಬಾವಿಯ ತುದಿಯ ಕಬ್ಬಿಣದ ಬಳೆಯನ್ನು ಬೆಳಗ್ಗೆ ಬರಿಗೈಯಲ್ಲಿ ಹತ್ತು ಉಸಿರು ಹಿಡಿಯಲು ಬಂದರೆ ಉರಿತಿಂಗಳು ಮುಗಿದಂತೆ. ಮೊನ್ನೆ ಹತ್ತರವರೆಗೂ ಹಿಡಿದೆ. ಕೆಳಗಿಳಿದು ಆರು ಎಂದು ಹೇಳಿದೆ. ಅದೇ ದಿನ, ಕದ ಮುಚ್ಚಿಯೇ ಇದ್ದುದರಿಂದ, ಪಕ್ಕದ ಮನೆಯವರ ಆಡು ಒಳಗಿನ ಸೆಕೆಗೆ ಸತ್ತಿತು. ನಾನು ಅವರ ಮುಖ ನೋಡಲಾರದೆ ತಿರುಗಾಡುತ್ತಿದ್ದೇನೆ.

ಈ ಮಗಳ ಬಗ್ಗೆ ಏನು ಹೇಳಲಿ. ಅವಳಿಗೆ ಬರುವ ಮಾತು ಇಪ್ಪತ್ತು ಇರಬಹುದು. ಹೆಚ್ಚು ಬಳಸುವುದು ಒಂದನ್ನೇ, "ಒಲ್ಲೆ." ರೊಟ್ಟಿ ಮುರಿದು ಹಾಲಿಗೆ ಹಾಕಿದರೆ ಒಲ್ಲೆ. ಹಾಕದಿದ್ದರೂ ಒಲ್ಲೆ. ಹಾಕಿದ್ದನ್ನು ತೆಗೆದರೆ ನೆಲಕ್ಕೆ ಬಿದ್ದು ಹೊರಳಾಟ, ಓಣಿಯ ಆ ತುದಿಗೂ ಕೇಳುವ ಕೂಗು. ಮುಗಿದ ಮೇಲೆ ಎದ್ದು ಬಂದು, ಅತ್ತವನು ನಾನೇ ಎಂಬಂತೆ ನನ್ನ ಕಣ್ಣು ಒರೆಸುತ್ತಾಳೆ. ಸುಗಲಾಳ ಕಟ್ಟಿಗೆಯ ಸೌಟು ಅವಳ ಕೈಯಿಂದ ಇಳಿಯುವುದಿಲ್ಲ. ಅದನ್ನು ಎತ್ತಿ ಹಿಡಿದು ಲೋಕವನ್ನೆಲ್ಲ ಆಳುತ್ತಾಳೆ. ನನ್ನ ದೂಳು ಕೆರೆಯುವ ಸಲಿಕೆಗೆ ಚಾದರ ಹೊದಿಸಿ ಮಲಗಿಸುತ್ತಾಳೆ. ನಾನು ಕೆಮ್ಮಿದರೆ ಕೆಮ್ಮುತ್ತಾಳೆ, ಸೊಂಟ ಹಿಡಿದು ಕೂತರೆ ತಾನೂ ಸೊಂಟ ಹಿಡಿದು "ಯಪ್ಪಾ" ಎನ್ನುತ್ತಾಳೆ. ದಿನಕ್ಕೆ ಮೂರು ಸಲ ಸಿಟ್ಟಿನಿಂದ ಹಲ್ಲು ಕಡಿಯುತ್ತೇನೆ. ಆದರೆ ಅವಳು ನಿದ್ದೆಹೋದ ಕೂಡಲೇ ಯಾವಾಗ ಏಳುತ್ತಾಳೋ ಎಂದು ಕಾಯುತ್ತೇನೆ.

ನಿಲ್ಲುವುದನ್ನು ಕಲಿಸಲು ನಾನು ನಾಲ್ಕು ತಿಂಗಳಿನಿಂದ ಮಾಡದ ಉಪಾಯವಿಲ್ಲ. ಗದರಿಸಿದೆ, ನಕ್ಕಳು. ಬೆಲ್ಲ ತೋರಿಸಿದೆ, ಬೆಲ್ಲ ತಿಂದು ಓಡಿದಳು. ಕೊನೆಗೆ ಒಂದು ಆಟ ಕಟ್ಟಿದೆ. ಮೊದಲು ಅವಳು ಓಡಬೇಕು, ನಾನು ಹಿಂದೆ ಓಡಬೇಕು. ಅವಳು ತಿರುಗಿ ಸೌಟು ಎತ್ತಿ "ನಿಂದ್ಲು" ಎಂದರೆ ನಾನು ಕಲ್ಲಿನ ಹಾಗೆ ನಿಲ್ಲಬೇಕು. "ಬಾ" ಎನ್ನುವವರೆಗೂ ಅಲುಗುವಂತಿಲ್ಲ. ಆಮೇಲೆ ಸರದಿ ಬದಲಾಗಬೇಕು, ನಾನು ಹೇಳಬೇಕು, ಅವಳು ನಿಲ್ಲಬೇಕು. ಮೊದಲರ್ಧ ಅವಳಿಗೆ ಪ್ರಾಣ. ಎರಡನೆಯ ಅರ್ಧ ಒಲ್ಲೆ. ನಾಲ್ಕು ತಿಂಗಳಿಂದ ದಿನಕ್ಕೆ ನಲವತ್ತು ಸಲವಾದರೂ ನಾನು ನಿಂತಿದ್ದೇನೆ, ಅವಳು ಒಂದು ಸಲವೂ ನಿಂತಿಲ್ಲ. ಸುಗಲಾ ಬತ್ತಿ ಹೊಸೆಯುತ್ತಲೇ ಇದನ್ನೆಲ್ಲ ನೋಡಿ, "ಯಾರ ನಿಲುಗಿ ಇದು, ನಿಂದೋ ಅಕೀದೋ?" ಎಂದಳು.

ಇಂದು ಬೆಳಗ್ಗೆ ನನ್ನ ಜೊತೆ ಓಣಿಯ ಪಂಚರಲ್ಲೊಬ್ಬರು ಗಾಳಿಬಾವಿ ಹತ್ತಿದರು. ಬಳೆಯನ್ನು ಅವರೇ ಹಿಡಿದರು. ಇಪ್ಪತ್ತು ಉಸಿರು ಹಿಡಿದು ನನ್ನ ಮುಖ ನೋಡಿದರು. ನಾಳೆ ರಾಯವ್ವನಿಗೆ ಎರಡು ತುಂಬುತ್ತದೆ.

ಈ ಸಾಲಿನ ಮೇಲೆ ಎಳೆದಿರುವ ಗೀಟು ನನ್ನದಲ್ಲ. ಸೌಟಿಗೆ ಮಸಿ ಹತ್ತಿಸಿಕೊಂಡು ಬಂದಿದ್ದಳು.

ಹೊಸ ವರ್ಷದ ನಾಲ್ಕನೆಯ ದಿನ.

ಕಾಗದವನ್ನು ಆ ದಿನವೇ ಬಾವಿಗೆ ಹಾಕಬೇಕಿತ್ತು. ಹಾಕಲಿಲ್ಲ. ಈಗ ಬರೆಯುತ್ತಿರುವುದನ್ನು ಇಲ್ಲಿ ಬದುಕಿರುವ ಯಾರಿಗೂ ಹೇಳುವಂತಿಲ್ಲ. ನೀವು ಬಾಯಿ ಬಿಡಲಾರಿರಿ ಎಂಬ ಧೈರ್ಯದಿಂದ ನಿಮಗೆ ಹೇಳುತ್ತೇನೆ.

ಗೆರೆಯನ್ನು ಕಾಯುವವಳು ಖಾಜಾಬಿ ಆಯಿ. ಎಪ್ಪತ್ತು ದಾಟಿದ ಮುದುಕಿ, ಕದದ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಸುಗಲಾಳನ್ನು ಜಾಲರಿಯ ಹಿಂದೆ ನಿಲ್ಲಿಸಿದರು. ನನ್ನನ್ನು ಹತ್ತು ಹೆಜ್ಜೆ ಹಿಂದೆ. ರಾಯವ್ವ ಹೊಸ ಅಂಗಿ ಹಾಕಿಕೊಂಡು, ಸೌಟು ಹಿಡಿದು, ನಡುವೆ ನಿಂತು ಎಲ್ಲರನ್ನೂ ನೋಡುತ್ತಿದ್ದಳು. ಕದ ಸರಿಯಿತು. ಅಷ್ಟು ಬೆಳಕನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಾಯಿ ತೆರೆದು ನೋಡಿದಳು. ಆಮೇಲೆ ಅವಸರವೇ ಇಲ್ಲದೆ ಅದರ ಕಡೆಗೆ ನಡೆದಳು.

ನಾನು ಕೂಗಿದೆ. ನನ್ನ ಜೀವಮಾನದಲ್ಲೇ ಹಾಗೆ ಕೂಗಿಲ್ಲ. "ರಾಯವ್ವಾ, ನಿಂದ್ರು!"

"ಒಲ್ಲೆ," ಎಂದಳು. ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದವರಿಗೆ ಹೇಳುವಂತೆ, ಸಮಾಧಾನವಾಗಿ. ಗೆರೆ ದಾಟಿದಳು.

ನಾನು ಓಡಿದೆ. ನಿಯಮ, ಆಳದ ಮನೆ, ಸತ್ತ ಏಳು ಜನ, ಯಾವುದೂ ನೆನಪಾಗಲಿಲ್ಲ. ಅವಳ ಬರಿಗಾಲು ಮಾತ್ರ ಕಾಣುತ್ತಿತ್ತು. ಹಿಂದೆ ನನ್ನ ಹೆಜ್ಜೆಯ ಸದ್ದು ಕೇಳಿದ ಕೂಡಲೇ ಅವಳಿಗೆ ಆಟ ಶುರುವಾಯಿತೆಂದು ತೋರಿತು. ಬಿಸಿಲಿನಲ್ಲೇ ತಿರುಗಿದಳು. ಮುಖವೆಲ್ಲ ನಗು. ಸೌಟು ಎತ್ತಿದಳು.

"ಅಪ್ಪಾ, ನಿಂದ್ಲು!"

ನನ್ನ ಕಾಲು ನಿಂತವು. ಹೆಬ್ಬೆರಳಿಗೆ ಸುಣ್ಣ ತಾಗಿತ್ತು. ಅವಳು ತೃಪ್ತಿಯಿಂದ ಒಮ್ಮೆ ನೋಡಿ, ಮತ್ತೆ ಬೆಳಕಿನ ಕಡೆ ತಿರುಗಿ ನಡೆದಳು. ಒಂದು ಉಸಿರು. ಎರಡು. ನಾನು ಓಡಬಹುದಿತ್ತು. ಜಾಲರಿಯ ಹಿಂದೆ ಸುಗಲಾ ನನ್ನ ಹೆಸರು ಹಿಡಿದು ಚೀರುತ್ತಿದ್ದಳು. ಮೂರು. ನಾಲ್ಕು. ರಾಯವ್ವ "ಬಾ" ಎಂದಿರಲಿಲ್ಲ. ನಾನು ನಿಂತೇ ಇದ್ದೆ. ಐದನೆಯ ಉಸಿರಿಗೆ ಅವಳಿಗೆ ಕಾಲು ಸುಟ್ಟಿತು. "ಎತ್ಗೋ" ಎಂದು ಅತ್ತಳು. ಆಗ ಹೊರಗಿನ ಗೋಡೆಯ ಗೂಡಿನಿಂದ, ಕೂಸನ್ನು ಹಿಡಿಯಲೆಂದೇ ಮೊದಲೇ ಕೂರಿಸಿದ್ದ, ಹಸಿ ಕಂಬಳಿ ಹೊದ್ದ ಹೆಂಗಸೊಬ್ಬಳು ಹೊರಬಂದು ಕೂಸನ್ನು ಎತ್ತಿಕೊಂಡು ಒಳಗೆ ನಡೆದು ಬಂದಳು. ಕದ ಮುಚ್ಚಿತು.

ನಾನು ಖಾಜಾಬಿ ಆಯಿಯ ಮುಂದೆ ಕೂತೆ. ಆಳದ ಮನೆಗೆ ಯಾವಾಗ ಒಯ್ಯುತ್ತೀರಿ ಎಂದು ಕೇಳಿದೆ. ಖಾಜಾಬಿ ಆಯಿ ರಾಯವ್ವನ ಅಂಗಾಲಿಗೆ ಬೆಣ್ಣೆ ಸವರುತ್ತ, ನನ್ನ ಕಡೆ ನೋಡದೆಯೇ ಹೇಳಿದಳು. "ನಲವತ್ತು ವರ್ಷ ಆತು ನೋಡಪ್ಪಾ, ಈ ಗೆರಿ ಕಾಯ್ಲಕತ್ತಿ. ಎರಡು ವರ್ಷದ ಕೂಸು ಒಂದು ಮಾತಿಗಿ ನಿಂತದ್ದು ಐದೋ ಆರೋ ನೋಡೀನಿ. ಕೂಸು ನಿಂದ್ರಲ್ಲ. ನಾ ನೋಡೋದು ಹಿಂದ ನಿಂತ ಅಪ್ಪ-ಅವ್ವನ ಕಾಲು. ಗೆರಿ ದಾಟಿದ್ದಿ ಅಂದ್ರ ಕೂಸು ಆಳಕ್ಕ ಹೋಗ್ತಿತ್ತು. ನೀ ನಿಂತಿ. ಮನಿಗಿ ಒಯ್ಯಿ."

ಅಂದು ಹನ್ನೊಂದು ಮುದುಕರನ್ನು ಕೊಂದದ್ದು ಕೂಸಿನ ಓಟವಲ್ಲ, ಹಿಂದೆ ಓಡಿದವರು ಎಂಬುದು ಪಂಚರ ಎಣಿಕೆ. ಅದನ್ನು ಬಾಯಿಬಿಟ್ಟು ಹೇಳಿದರೆ ಎಲ್ಲರೂ ಆ ಒಂದು ದಿನ ನಿಲ್ಲುವ ನಾಟಕ ಕಲಿತು ಬರುತ್ತಾರೆ. ಅದಕ್ಕೇ ಗುಟ್ಟು. ಗುಟ್ಟು ಬಿಟ್ಟರೆ ನನ್ನ ಮಗಳನ್ನು ಒಯ್ಯುತ್ತಾರೆ ಎಂದೂ ಆಯಿ ಅದೇ ದನಿಯಲ್ಲಿ ಹೇಳಿದಳು.

ಸುಗಲಾ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತ, "ನೀ ನಿಂತದ್ದು ಚಲೋ ಆತು" ಎಂದಳು. ಜಾಲರಿಯ ಹಿಂದೆ ಅವಳಿಗೂ ಎಲ್ಲ ಕೇಳಿಸಿತ್ತು. ಇನ್ನೊಂದು ರೊಟ್ಟಿ ಬಡಿದಳು. ಆಮೇಲೆ ಕೇಳಿದಳು, "ಆದ್ರ ಹ್ಯಾಂಗ ನಿಂತಿ ನೀ?"

ಆಟದ ಅಭ್ಯಾಸ ಎಂದೆ. ನಾಲ್ಕು ತಿಂಗಳು ಅವಳಿಗೆ ಕಲಿಸುತ್ತೇನೆಂದು ನಾನೇ ಕಲಿತೆ ಎಂದೆ. ಸುಗಲಾ ನಕ್ಕಳು, ನಗುತ್ತಲೇ ಅತ್ತಳು, ಹಿಟ್ಟಿನ ಕೈಯಿಂದಲೇ ನನ್ನ ಬೆನ್ನಿಗೊಂದು ಗುದ್ದಿದಳು. ನಾನು ಹೇಳಿದ್ದು ನಿಜ. ಆದರೂ ಅವಳ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಗೆದ್ದಿದ್ದೇನೆ, ಮಗಳು ಮನೆಯಲ್ಲಿದ್ದಾಳೆ, ಅಂಗಾಲಿನ ಬೊಬ್ಬೆ ಆರುತ್ತಿದೆ. ಆದರೆ ಅವಳು ಸುಡುವ ನೆಲದ ಮೇಲೆ ಎತ್ತಿಕೋ ಎಂದು ಕೈ ಚಾಚಿದಾಗ ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಮತ್ತೊಮ್ಮೆ ಕದ ತೆರೆದಿದ್ದು, ಗೂಡಿನಲ್ಲಿ ಯಾರೂ ಇಲ್ಲದಿದ್ದರೆ, ಆಗಲೂ ನಾನು ನಿಲ್ಲಬೇಕು. ಹಾಗೆ ನಿಲ್ಲುತ್ತೇನೆಂದೇ ನನಗೆ ಮಗಳನ್ನು ಮರಳಿ ಕೊಟ್ಟಿದ್ದಾರೆ.

ಈಗಲೂ ಅವಳು ಸೌಟು ಎತ್ತಿ "ನಿಂದ್ಲು" ಎನ್ನುತ್ತಾಳೆ. ನಾನು ನಿಲ್ಲುತ್ತೇನೆ. ಸುಗಲಾ ಮುಖ ತಿರುಗಿಸುತ್ತಾಳೆ.

ಹಿರಿಯರೇ, ನೀವು ಮೇಲೆ ಏನೇನು ಮಾಡಿದಿರಿ, ಏಕೆ ಮಾಡಿದಿರಿ ಎಂದು ಕೇಳುವ ಓದು ನನಗಿಲ್ಲ. ನಮ್ಮ ಪುಸ್ತಕ ಅರ್ಧಕ್ಕೇ ಹರಿದಿದೆ. ಕೇಳುವುದು ಇದೊಂದೇ. ಆ ಹರಿದ ಪುಸ್ತಕದಲ್ಲಿ ಒಂದು ಚಿತ್ರವಿದೆ. ಬಯಲಿನಲ್ಲಿ ಒಂದು ಕೂಸು ಓಡುತ್ತಿದೆ, ಹಿಂದೆ ಒಬ್ಬ ಗಂಡಸು ಓಡುತ್ತಿದ್ದಾನೆ, ಅವನ ಒಂದು ಚಪ್ಪಲಿ ಕಳಚಿಬಿದ್ದಿದೆ, ಮೇಲೆ ಸೂರ್ಯ. ಇಬ್ಬರೂ ನಗುತ್ತಿದ್ದಾರೆ. ಚಿಕ್ಕಂದಿನಲ್ಲಿ ನಾವು ಅದನ್ನು ಸುಳ್ಳು ಚಿತ್ರ ಎನ್ನುತ್ತಿದ್ದೆವು. ಅದು ಸುಳ್ಳಲ್ಲದಿದ್ದರೆ, ನಿಮ್ಮ ಕೂಸು ನಿಮ್ಮ ಮಾತು ಕೇಳದೆ ಅಂಗಳ ದಾಟಿ ಓಡಿದ ದಿನ, ಬೈಯುವುದಿದ್ದರೆ ಬೈಯಿರಿ, ಆದರೆ ಹಿಂದೆಯೇ ಓಡಿ. ಬಿಸಿಲಿನಲ್ಲಿ ಓಡಿ, ಬರಿಗಾಲಲ್ಲಿ ಓಡಿ, ಎತ್ತಿಕೊಳ್ಳಿ. ಅದು ನಿಲ್ಲೆಂದರೂ ನಿಲ್ಲಬೇಡಿ.

ನಾನು ಓಡಬೇಕಿದ್ದ ಮೂರು ಹೆಜ್ಜೆ ಗೆರೆಯ ಆಚೆ ಬಾಕಿ ಇವೆ. ಅವನ್ನೂ ನೀವೇ ಓಡಿಬಿಡಿ.

ಗೆರೆಯ ಈಚೆಯಿಂದ,
ರಾಯವ್ವನ ಅಪ್ಪ ಘಾಳೆಪ್ಪ