ಅಂಕಣಕ್ಕೆ ಹಾಸಿದ ನಾರಿನ ಪುಡಿ

ಹುಳಿಯಾರು,
೯ ಡಿಸೆಂಬರ್ ೨೦೨೪, ಸೋಮವಾರ

ಚಿನ್ನದಂಥ ಮಗಳು ಗಿರಿಜಾಂಬಿಕಾಳಿಗೆ,

ಮೊದಲು ನಿನ್ನ ಕೆಮ್ಮಿನ ಸಮಾಚಾರ ಬರೆ. ಪಟಿಯಾಲದಲ್ಲಿ ಬೆಳಗಿನ ಮಂಜಿಗೆ ಎದುರಿನ ಮರವೂ ಕಾಣುವುದಿಲ್ಲವೆಂದು ಟೀವಿಯಲ್ಲಿ ತೋರಿಸಿದರು. ಅಂಥದ್ದರಲ್ಲಿ ಮೈದಾನದ ಅಂಚಿಗೆ ನಿಂತು ಆಟಗಾರರ ಕಾಲು ನೋಡುವುದು ನಿನ್ನ ಕೆಲಸವೆಂದು ಗೊತ್ತು, ಆದರೂ ಕಿವಿಗೆ ಮಫ್ಲರ್ ಕಟ್ಟಿಕೊ. ಕಳಿಸಿದ ರಾಗಿಹಿಟ್ಟು ಮುಗಿಯಿತೋ, ಹುಳು ಹಿಡಿಯಿತೋ? ನಾನು ಚೆನ್ನಾಗಿದ್ದೇನೆ. ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ. ನಿಮ್ಮಮ್ಮ ಇದ್ದಿದ್ದರೆ ಈ ಮಾತು ನಂಬದೆ ಬೆಲ್ಲದ ಡಬ್ಬ ತೆಗೆದು ನೋಡುತ್ತಿದ್ದಳು.

ಕ್ರೀಡಾ ವೈದ್ಯರ ಸಂಘದವರು ನಿನ್ನ ಸಂಶೋಧನೆಯೇ ಈ ವರ್ಷದ ಅತ್ಯುತ್ತಮವೆಂದು ಆರಿಸಿದ ದಿನ ನೀನು ಫೋನು ಮಾಡಿ ‘ಅಪ್ಪಾ, ಒಂದು ಸಣ್ಣ ಪ್ರೈಜು’ ಎಂದೆ. ಸಣ್ಣದಂತೆ! ನಿನ್ನ ಪ್ರಬಂಧವನ್ನು ಪ್ರಿಂಟು ಹಾಕಿಸಿ ತಂದು ಓದಲು ಕೂತೆ. ಬಿ.ಎ.ಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ‘ರೀಡ್ ಬಿಟ್ವೀನ್ ದಿ ಲೈನ್ಸ್’ ಎನ್ನುತ್ತಿದ್ದರು; ನನಗೆ ಲೈನುಗಳನ್ನು ದಾಟುವುದೇ ಕಷ್ಟವಾಯಿತು. ಲಿಗಮೆಂಟ್ ಎಂದರೆ ಮೂಳೆಗೂ ಮೂಳೆಗೂ ಕಟ್ಟಿದ ಹುರಿ ಎಂದು ಡಿಕ್ಷನರಿಯಲ್ಲಿ ಸಿಕ್ಕಮೇಲೆ ದಾರಿ ಕಂಡಿತು. ಬಿದ್ದರೆ ಏಟಾಗದಿರಲೆಂದು ನಮ್ಮ ಕಡೆ ಕಬಡ್ಡಿ ಅಂಕಣಕ್ಕೆ ತೆಂಗಿನ ನಾರಿನ ಪುಡಿಯನ್ನು ಹಾಸಿಗೆಯ ಹಾಗೆ ಹಾಸುತ್ತೇವಲ್ಲ, ಅದು ದಪ್ಪವಾದರೆ ಪಾದ ಹೂತುಕೊಳ್ಳುತ್ತದೆ; ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವೆ ಸಿಕ್ಕಿದ ಮಂಡಿಯ ಹುರಿ ಹರಿಯುತ್ತದೆ. ಇಷ್ಟೇ ತಾನೇ ನೀನು ಹೇಳಿದ್ದು? ಮೊಣಕೈ ತರಚದಿರಲೆಂದು ಮಂಡಿಯನ್ನೇ ಕಳೆದುಕೊಳ್ಳುತ್ತಿದ್ದೆವು. ತೆಂಗಿನ ಸಿಪ್ಪೆಯ ನಡುವೆಯೇ ಹುಟ್ಟಿ ಮುದುಕರಾದ ನಮಗೆ ಯಾರಿಗೂ ಇದು ಹೊಳೆಯಲಿಲ್ಲ ನೋಡು. ರಜೆಗೆ ಬಂದರೆ ನೆಂಟರ ಮನೆ ಬಿಟ್ಟು ತಿಪಟೂರು, ತುರುವೇಕೆರೆ ಎಂದು ಅಂಕಣದ ಪಕ್ಕ ಕ್ಯಾಮೆರಾ ಇಟ್ಟುಕೊಂಡು ಕೂರುತ್ತಿದ್ದೆ. ನಿಮ್ಮ ಸೋದರತ್ತೆ ‘ಇವ್ಳು ಡಾಕ್ಟ್ರೋ, ಮದ್ವೆ ವೀಡಿಯೋದವ್ಳೋ?’ ಎಂದು ಆಡಿಕೊಂಡಿದ್ದಳಲ್ಲ, ಈಗ ಅವಳೇ ಬೀದಿಗೆಲ್ಲ ಸುದ್ದಿ ಹಂಚಿದ್ದಾಳೆ.

ಊರಿಗೆ ಸುದ್ದಿ ಹಬ್ಬಿತು. ಕಬಡ್ಡಿ ಸಮಿತಿಯ ಅಧ್ಯಕ್ಷ ಹನುಮಂತರಾಜು, ಅದೇ ನಾರಿನ ಮಿಲ್ಲಿನವನು, ಮನೆಗೇ ಬಂದ. ‘ನಿಮ್ಮುಡ್ಗಿ ಓಡಿ ಗೆದ್ಲೋ, ಎಸ್ದು ಗೆದ್ಲೋ ಹೇಳ್ಬುಡಿ, ಬ್ಯಾನರ್‌ನವ್ನು ಕಾಯ್ತಾವ್ನೆ’ ಎಂದ. ಓಡಲಿಲ್ಲ ಕಣಪ್ಪ, ಓಡೋರ ಕಾಲು ಉಳಿಸಿದಳು ಎಂದೆ. ಅವನಿಗೆ ಅಷ್ಟು ಸಾಕಾಯಿತು. ಹೆಣ್ಣುಮಕ್ಕಳ ಫೈನಲ್ ದಿನ ನಿನ್ನ ಪರವಾಗಿ ನನಗೇ ಸನ್ಮಾನವೆಂದು ಗೊತ್ತುಮಾಡಿದ. ನಮ್ಮ ಪಕ್ಕದ ಮನೆ ಬೋರಮ್ಮನ ಚಿಕ್ಕ ಮಗಳು ಆಶಾ ಈಗ ತಂಡದ ಕ್ಯಾಪ್ಟನ್. ಜಿಲ್ಲಾ ತಂಡದ ಆಯ್ಕೆಗಾರರು ಅವಳ ಆಟ ನೋಡಲೆಂದೇ ತುಮಕೂರಿನಿಂದ ಬರುವವರಿದ್ದರು. ಅವಳ ಅಕ್ಕ ಶಿಲ್ಪಳ ಮಂಡಿ ಹೋದ ವರ್ಷ ಅದೇ ಅಂಕಣದಲ್ಲಿ ತಿರುಚಿ ಆಟ ನಿಂತುಹೋದದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಅವಳ ಸ್ಕ್ಯಾನು ನೋಡಿದವಳು ನೀನೇ.

ನಿನ್ನೆ ಭಾನುವಾರ ಹೋಗಿ ನೋಡುತ್ತೇನೆ, ನಿನ್ನ ಗೌರವಕ್ಕೆಂದು ಹನುಮಂತರಾಜು ಎರಡು ಟ್ರ್ಯಾಕ್ಟರ್ ಪುಡಿ ತರಿಸಿ ಎಂದೂ ಇಲ್ಲದಷ್ಟು ದಪ್ಪಕ್ಕೆ ಹಾಸಿಸಿದ್ದ! ‘ಡಾಕ್ಟ್ರಮ್ಮನ ಹೆಸ್ರಲ್ಲಿ ಆಟ ಆಡೋವಾಗ ಒಬ್ರಿಗೂ ನೋವಾಗ್‌ಬಾರ್ದು ಕಣ್ರೀ’ ಎಂದು ಪುಡಿಯನ್ನು ಹೆಮ್ಮೆಯಿಂದ ತುಳಿದು ತೋರಿಸಿದ. ಪಾಪ, ಮನಸ್ಸು ಒಳ್ಳೆಯದು. ನಾನು ಬಾಯಿ ತೆರೆಯುವ ಮೊದಲೇ ವೇದಿಕೆಗೆ ಎಳೆದು ಕೂರಿಸಿ ಶಾಲು ಹೊದಿಸಿ ಕೊಬ್ಬರಿ ಹಾರ ಹಾಕಿದರು. ಕೊಬ್ಬರಿ ಭಾರಕ್ಕೆ ಕತ್ತು ಬಗ್ಗಿ, ಕಣ್ಣೆದುರಿಗೆ ಆ ಪುಡಿಯೊಂದೇ ಕಾಣುತ್ತಿತ್ತು. ಅಂಚಿನಲ್ಲಿ ಆಶಾ ಕೈಕಾಲು ಸಡಿಲ ಮಾಡಿಕೊಳ್ಳುತ್ತಿದ್ದಳು. ಮೈಕು ಕೊಟ್ಟರು. ‘ಇಟ್ ಈಸ್ ಎ ಗ್ರೇಟ್ ಪ್ಲೆಷರ್’ ಎಂದು ಶುರುಮಾಡಲು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಅದೆಲ್ಲ ಮರೆತುಹೋಯಿತು. ಈ ಪುಡಿಯ ಮೇಲೆ ಮಕ್ಕಳನ್ನು ಆಡಿಸಬೇಡಿ, ನನ್ನ ಮಗಳಿಗೆ ಪ್ರಶಸ್ತಿ ಬಂದದ್ದೇ ಇದು ಮಂಡಿ ಹರಿಯುತ್ತದೆಂದು ಕಂಡುಹಿಡಿದದ್ದಕ್ಕೆ ಎಂದುಬಿಟ್ಟೆ.

ಆಟ ನೋಡಲು ಬಂದಿದ್ದ ಹುಚ್ಚರಂಗಯ್ಯ ಹಿಂದಿನಿಂದ ಕೂಗಿದ: ‘ಮೆತ್ಗಿದ್ರೆ ಮಂಡಿ ಮುರೀತದಾ ಸದಾಶಿವಯ್ನೋರೆ? ಹಂಗಾರೆ ಇವತ್ತಿಂದ ಬಂಡೆ ಮ್ಯಾಲೆ ಮನೀಕಳಿ!’ ಎಲ್ಲರೂ ನಕ್ಕರು. ಹನುಮಂತರಾಜುವಿನ ಮುಖ ಕೆಂಪಾಯಿತು. ಆಯ್ಕೆಗಾರರು ಗಡಿಯಾರ ನೋಡಿಕೊಂಡರು. ಆಶಾ ಅಳುವುದೊಂದು ಬಾಕಿ, ‘ತಾತ, ಇವತ್ತು ಬುಟ್ರೆ ನಂಗೆ ಇನ್ನೊಂದಿನ ಇಲ್ಲ, ಆಡ್ತೀನಿ ಬುಡಿ’ ಎಂದಳು. ಆಗ ಬೋರಮ್ಮ ಎದ್ದಳು ನೋಡು. ‘ದೊಡ್ಡೋಳ್ ಮಂಡಿ ಇದ್ರಲ್ಲೇ ಹೋಯ್ತು. ಚಿಕ್ಕೋಳು ಇದ್ರಲ್ಲಿ ಕಾಲಿಡಕಿಲ್ಲ. ನಿಮ್ ಕಪ್ಪು ನೀವೇ ಮಡೀಕಳಿ’ ಎಂದು ಮಗಳ ರಟ್ಟೆ ಹಿಡಿದು ಹೊರಗೆಳೆದಳು. ಅಷ್ಟರಲ್ಲಿ ಶಿಲ್ಪ ಎಲ್ಲಿಂದಲೋ ಒಂದು ಮಂಕರಿ ತಂದು, ಕುಂಟುತ್ತಲೇ ಅಂಕಣಕ್ಕಿಳಿದು, ಪುಡಿ ತುಂಬತೊಡಗಿದಳು. ಎದುರು ತಂಡದ ಹುಡುಗಿಯರೂ ಬಂದರು. ಹನುಮಂತರಾಜು ತನ್ನ ಹೆಗಲ ಶಾಲು ತೆಗೆದು ಕುರ್ಚಿಗೆ ಎಸೆದ. ‘ಯಾಕ್ಲಾ ನಿಂತ್ಕಂಡ್ ನೋಡ್ತೀರಾ? ಎತ್ರಲಾ ಪುಡೀನ! ಮರ್ವಾದೆ ಮಾಡಾಕೋಗಿ ಆ ಹುಡ್ಗೀಗೇ ಅವಮಾನ ಮಾಡ್ದಂಗಾಯ್ತು’ ಎಂದು ತಾನೇ ಸನಿಕೆ ಹಿಡಿದ. ಗಿರಿಜಾ, ನಿನಗೆ ಪ್ರಶಸ್ತಿ ಕೊಟ್ಟ ಊರಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಇಲ್ಲಿ ಯಾರೂ ತಟ್ಟಲಿಲ್ಲ, ಕೈಯೆಲ್ಲ ಪುಡಿಯಾಗಿತ್ತು.

ನೀರು ಚಿಮುಕಿಸಿ ನೆಲ ಸಮ ಮಾಡಿ ಆಟ ನಡೆಯಿತು. ನಮ್ಮವರು ಸ್ವಲ್ಪದರಲ್ಲಿ ಸೋತರು. ಆಶಾಳ ಎರಡೂ ಮೊಣಕೈ ತರಚಿವೆ. ಬೋರಮ್ಮ ಅರಿಶಿನ ಹಚ್ಚುತ್ತಾ ಈಗ ನನ್ನನ್ನೇ ಬೈಯುತ್ತಿದ್ದಾಳೆ. ಆದರೆ ಆಟ ಮುಗಿದ ಮೇಲೆ ಆ ಹುಡುಗಿ ಮನೆಯವರೆಗೆ ಓಡಿಕೊಂಡೇ ಬಂದಳು. ಆಯ್ಕೆಗಾರರು ಅವಳ ಹೆಸರು ಬರೆದುಕೊಂಡಿದ್ದಾರೆ, ಫಲ ಗೊತ್ತಿಲ್ಲ.

ನಿನ್ನ ಜೊತೆ ದುಡಿದವರಿಗೆಲ್ಲ ಈ ಮುದುಕನ ನಮಸ್ಕಾರ ತಿಳಿಸು. ನಿನ್ನ ಕಣ್ಣು ಹೀಗೇ ಚುರುಕಾಗಿರಲಿ, ಮೈಯಲ್ಲಿ ಕಸುವಿರಲಿ ಎಂದು ಹರಸುವ,

ನಿನ್ನ ಅಪ್ಪ,
ಸದಾಶಿವಯ್ಯ

ಮರೆತೆ: ಅಂಚೆ ಚೀಲ ಕಟ್ಟುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಸನಿಕೆ ಹಿಡಿದೇ ಹನುಮಂತರಾಜು ‘ಎಲ್ಲಾ ತೆಗೀಬೇಕಾ, ವಸಿ ಬುಡ್ಬೋದಾ?’ ಎಂದು ಕೇಳಿದ. ಇವತ್ತಿಗೆ ಎಲ್ಲಾ ತೆಗಿ, ಎಷ್ಟು ಬಿಡಬಹುದೆಂದು ಮಗಳನ್ನು ಕೇಳಿ ಹೇಳುತ್ತೇನೆ ಎಂದೆ. ಅದು ನಿನ್ನ ಪ್ರಬಂಧದ ಟೇಬಲ್ಲಿನಲ್ಲಿದೆ, ಟೇಬಲ್ಲು ನನಗೆ ಓದಲು ಬರುವುದಿಲ್ಲ, ಇಲ್ಲಿ ಯಾರಿಗೂ ಬರುವುದಿಲ್ಲ. ಸಂಕ್ರಾಂತಿ ವಾರ ತುರುವೇಕೆರೆಯಲ್ಲಿ ಪಂದ್ಯ, ಆಶಾಳೂ ಆಡುತ್ತಾಳೆ, ಅಲ್ಲಿಗೆ ಪುಡಿ ಆಗಲೇ ಬಂದು ಬಿದ್ದಿದೆಯಂತೆ. ಅಷ್ಟರೊಳಗೆ ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದು ಕಳಿಸು. ಆಶಾ ಮೈಕಿನಲ್ಲಿ ಓದುತ್ತಾಳಂತೆ. ಪುಡಿ ಎಷ್ಟಿರಬೇಕೆಂಬುದನ್ನು ಮಿಲಿಮೀಟರಿನಲ್ಲಿ ಹಾಕಬೇಡ, ಎಷ್ಟು ಬೆರಳು ಎಂದು ಹಾಕು.