ಚಿಕ್ಕಮ್ಮನನ್ನು ಕೇಳಿಕೊಂಡು ಬಂದವರು

ಶುಕ್ರವಾರ, ಮಧ್ಯಾಹ್ನ ಊಟವಾದ ಮೇಲೆ

ಪುಟ್ಟೀ,

ಅದೇ ನಿನ್ನೆ ನಾನು ಫೋನಿನಲ್ಲಿ ಹೇಳುತ್ತಿದ್ದೆನಲ್ಲ, ಆಫೀಸಿನ ಬೋರ್ಡು ಇಳಿಸುವಾಗ ಒಂದು ಮೊಳೆ ಏನು ಮಾಡಿದರೂ ಬರಲಿಲ್ಲ ಅಂತ. ಅಷ್ಟರಲ್ಲಿ ಬಾಗಿಲು ಬಡಿದರು, ಹಾಲಿನವನು ಬಂದ ಎಂದು ಹೇಳಿ ಫೋನಿಟ್ಟೆ. ಹಾಲಿನವನಲ್ಲ. ಇಳಿಹೊತ್ತಿನಲ್ಲಿ ಯಾವ ಹಾಲಿನವನು ಬರುತ್ತಾನೆ? ನೀನೂ ನಂಬಿರಲಿಕ್ಕಿಲ್ಲ. ಪತ್ರಕರ್ತೆಯನ್ನು ಹೆತ್ತವನಿಗೆ ಒಂದು ಸುಳ್ಳು ಹೇಳುವ ಸುಖವೂ ಇಲ್ಲ.

ಇನ್ನು ಫೋನಿನಲ್ಲಿ ಏನನ್ನೂ ಮಾತಾಡುವುದು ಬೇಡ. ನೀನೂ ಮಾಡಬೇಡ. ಅದಕ್ಕೇ ಈ ಪತ್ರ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಹೇಗೋ ಓದಿಕೋ. 'ಐ ಆಮ್ ಕ್ವೈಟ್ ವೆಲ್ ಆಂಡ್ ಹೋಪ್ ಯೂ ಆರ್ ದಿ ಸೇಮ್' ಎಂದು ಪತ್ರ ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಕ್ವೈಟ್ ವೆಲ್ ಅಲ್ಲ. ಹೆದರಿದ್ದೇನೆ.

ಬಂದವರು ಇಬ್ಬರು, ಬ್ಯಾಟರಿ ಕಂಪನಿಯವರು. ಒಬ್ಬ ಒಳಗೆ ಬಂದು ಕೂತ. ನಿನ್ನ ವಯಸ್ಸಿನವನು, ಇಸ್ತ್ರಿ ಕೆಡದ ಶರ್ಟು, ಜೇನಿನಂಥ ದನಿ. ಇನ್ನೊಬ್ಬ ಹೊಸ್ತಿಲಲ್ಲೇ ನಿಂತು ಚಪ್ಪಲಿಗಳನ್ನು ನೋಡುತ್ತಿದ್ದ. ಜೇನುದನಿಯವನು ಮೊದಲು ನನ್ನ ಆರೋಗ್ಯ ವಿಚಾರಿಸಿದ, ಬಿಪಿಗೆ ಯಾವ ಮಾತ್ರೆ ಅಂತ ಕೇಳಿದ. ಆಮೇಲೆ, "ಸಾರ್, ನಿಮ್ಮ ಮಗಳಿಗೆ ನಾವೇನೂ ತೊಂದ್ರೆ ಕೊಡಲ್ಲ. ನಮಗೆ ಬೇಕಾಗಿರೋದು ಒಂದೇ ಒಂದು ಹೆಸರು. ನೀವು ಬಾಯಿ ಬಿಡೋದೂ ಬೇಡ. ನಾನು ಹೇಳ್ತೀನಿ, ನೀವು ತಲೆ ಆಡಿಸಿ ಸಾಕು. ನಾಳೇನೇ ಕೇಸು ವಾಪಸ್" ಎಂದ. ಎಂದವನೇ ಹೆಸರು ಹೇಳಿಯೂ ಬಿಟ್ಟ.

ಚಿಕ್ಕಮ್ಮನ ಹೆಸರು. ನೀನು ನನಗೆ ಎಂದೂ ಹೇಳಿರದ ಹೆಸರು. ಆದರೂ ಅದು ಅವಳದೇ ಎಂದು ನನಗೆ ಗೊತ್ತಾಯಿತು. ಹೇಗೆ ಅಂತ ಈಗ ಕೇಳಬೇಡ.

ಈ ನೆಂಟಸ್ತಿಕೆಯ ಏರ್ಪಾಡು ನಿಮ್ಮದೇ ಅಲ್ಲವೇ? ಗುಟ್ಟಾಗಿ ಸುದ್ದಿ ಕೊಡುವವರ ಹೆಸರು ಮನೆಯಲ್ಲೂ ಎತ್ತಬಾರದು, ಅವರ ಮುಖವನ್ನೂ ನೋಡಬಾರದು, ಬರೀ ಫೋನು. ಹೆಸರಿಗೆ ಬದಲು ಒಂದೊಂದು ನೆಂಟಸ್ತಿಕೆ. ವಿದ್ಯುತ್ ಇಲಾಖೆಯ ಎಂಜಿನಿಯರು ಸೋದರಮಾವ. ಗಾಳಿಯಂತ್ರದ ಗುತ್ತಿಗೆದಾರ ಬೀಗರು. ಬ್ಯಾಟರಿ ಅಂಗಳದಲ್ಲಿ ಕೆಲಸ ಮಾಡುವಾಕೆ ಚಿಕ್ಕಮ್ಮ. ನಿನ್ನಮ್ಮನಿಗೆ ಒಡಹುಟ್ಟಿದವರೇ ಇರಲಿಲ್ಲ. ಅವಳು ಹೋದ ಮೇಲೆ ಮನೆ ತುಂಬ ಅವಳ ಕಡೆಯ ನೆಂಟರು! ಇದನ್ನು ಕೇಳಿದ್ದರೆ ಅವಳು ಎಷ್ಟು ನಗುತ್ತಿದ್ದಳೋ.

ಅವಳ ಹೊಲಿಗೆ ಯಂತ್ರವನ್ನು ಪಕ್ಕಕ್ಕೆ ಸರಿಸಿ ನೀನೂ ನಿನ್ನ ಪಾಲುದಾರ ಆ ಕನ್ನಡಕದವನೂ ಎರಡು ಕಂಪ್ಯೂಟರ್ ಇಟ್ಟುಕೊಂಡು ಸುದ್ದಿತಾಣ ಶುರುಮಾಡಿದಾಗ, ಬಿಸಿಲು ಗಾಳಿಯ ಕರೆಂಟಿನ ಸುದ್ದಿಯನ್ನು ಯಾರು ಓದುತ್ತಾರೆ ಎಂದು ನಾನು ಆಡಿಕೊಂಡಿದ್ದೆ. "ಅಪ್ಪಾ, ನಿಮಗೆ ಅರ್ಥವಾದರೆ ಊರಿಗೇ ಅರ್ಥವಾಗುತ್ತೆ, ಓದಿ" ಎಂದು ಪ್ರತಿಯೊಂದು ವರದಿಯನ್ನೂ ನನ್ನ ಕೈಯಲ್ಲಿ ಗಟ್ಟಿಯಾಗಿ ಓದಿಸಿದಿರಿ. ನಾನು ಎಲ್ಲಿ ತಡವರಿಸಿದೆನೋ ಅಲ್ಲಿ ಕೆಂಪು ಗೆರೆ. ವಿಮಾ ಕಚೇರಿಯಲ್ಲಿ ಜೀವಮಾನವೆಲ್ಲ ಬೇರೆಯವರ ಅರ್ಜಿ ತಿದ್ದಿದವನಿಗೆ, ಕಡೆಗೆ ದಡ್ಡನಾಗಿರುವುದೇ ಉದ್ಯೋಗವಾಯಿತು. ಸಂಬಳವಿಲ್ಲದಿದ್ದರೂ ಇಷ್ಟವಾದ ಉದ್ಯೋಗ.

ಮೊದಲು ಮೇಷ್ಟ್ರುಗಳು ಓದಿದರು. ಆಮೇಲೆ ಛಾವಣಿಗೆ ಸೌರಫಲಕ ಹಾಕಿಸುವವರು, ಆಮೇಲೆ ಫಲಕ ಮಾರುವವರು. ಜಾಹೀರಾತು ಬಂತು. ಔಷಧಿ ಅಂಗಡಿಯ ಮೇಲಿನ ಮಹಡಿ ಬಾಡಿಗೆಗೆ ಸಿಕ್ಕಿತು, ಬೋರ್ಡು ಏರಿತು. ಮಂತ್ರಿಯ ಕಡೆಯವರೇ ಫೋನ್ ಮಾಡಿ ಅಂಕಿ ಕೇಳಿದ ದಿನ ಕನ್ನಡಕದವನು ಕುರ್ಚಿಯ ಮೇಲೆ ಹತ್ತಿ ಕುಣಿದು, ಫ್ಯಾನಿಗೆ ತಲೆ ಕೊಡುವುದು ಕೂದಲೆಳೆಯಲ್ಲಿ ತಪ್ಪಿತು.

ನಿಮ್ಮ ಹೆಮ್ಮೆ ಮಾತ್ರ ಓದುಗರ ಸಂಖ್ಯೆಯ ಮೇಲೆ ಇರಲಿಲ್ಲ, ತಿದ್ದುಪಡಿಯ ಮೇಲೆ ಇತ್ತು. ಬೇರೆಯವರು ತಪ್ಪನ್ನು ಸದ್ದಿಲ್ಲದೆ ಅಳಿಸುತ್ತಾರೆ. ನೀವು ವರದಿಯ ನೆತ್ತಿಯ ಮೇಲೇ ಹಾಕುತ್ತಿದ್ದಿರಿ. ಏನು ತಪ್ಪು, ಸರಿ ಯಾವುದು, ಸರಿಯೆಂದು ಹೇಗೆ ತಿಳಿಯಿತು, ಮೂರನ್ನೂ. ಗಾಳಿಯಂತ್ರದ ರೆಕ್ಕೆಯನ್ನು ರೈಲಿನಷ್ಟು ಉದ್ದ ಮಾಡಿದ್ದಿರಲ್ಲ, ಆ ತಿದ್ದುಪಡಿಯನ್ನು ವರದಿಗಿಂತ ಹೆಚ್ಚು ಜನ ಓದಿದರು.

ಅದೇ ಮುಳುವಾಯಿತು. ಹಗಲಿನ ಬಿಸಿಲಿನ ಕರೆಂಟನ್ನು ರಾತ್ರಿಗೆ ಕೂಡಿಡುವ ಬ್ಯಾಟರಿ ಪೆಟ್ಟಿಗೆಗಳು, ಲಾರಿಯಷ್ಟು ದೊಡ್ಡವು, ಸಾಲುಸಾಲಾಗಿ ಜನರ ಮನೆಗಳ ಬೆನ್ನಿಗೇ. ಬಿಸಿ ಏರಿದರೆ ಕೂಗಬೇಕಾದ ಗಂಟೆ ಮೇಲಿಂದ ಮೇಲೆ ಕೂಗುತ್ತದೆಂದು ಕಂಪನಿಯವರು ಗಂಟೆಯನ್ನೇ ಆರಿಸಿಟ್ಟಿದ್ದಾರೆ ಎಂದು ಚಿಕ್ಕಮ್ಮ ಹೇಳಿದಳು. ವರದಿ ಬಂತು. ವಿಮೆಯವನು ನಾನು, ಅದನ್ನು ಓದುವಾಗ ಅರ್ಧಕ್ಕೇ ನಿಲ್ಲಿಸಿದೆ. ಗೋದಾಮು ಸುಟ್ಟ ಮೇಲಿನ ಫೋಟೋಗಳನ್ನು ನೋಡಿದವನು ನಾನು. ಆದರೆ ಗಂಟೆ ಆರಿಸಿಟ್ಟಿದ್ದ ಪೆಟ್ಟಿಗೆಗಳ ಸಾಲಿನ ಸಂಖ್ಯೆ ತಪ್ಪಾಗಿತ್ತು. ಪೂರ್ತಿ ವರದಿಯೇ ಸುಳ್ಳು ಎಂದು ಕಂಪನಿ ಕೂಗಿತು. ನೀನು ನಿಮ್ಮ ಪದ್ಧತಿಯಂತೆ ತಿದ್ದಿದೆ: ಅದು ನಾಲ್ಕನೆಯ ಸಾಲಲ್ಲ, ಐದನೆಯದು, ಪೆಟ್ಟಿಗೆಯ ಬಾಗಿಲು ತೆರೆದು ಕೈಯಾರೆ ಬಿಸಿ ಅಳೆದವರೇ ಇದನ್ನು ಖಚಿತಪಡಿಸಿದ್ದಾರೆ.

ಅಲ್ಲಿ ಎಲ್ಲರೂ ಪರದೆಯ ಮೇಲೆ ನೋಡಿ ಬರೆದುಕೊಳ್ಳುವವರು. ಬಾಗಿಲು ತೆರೆದು ಕೈಯಾರೆ ಅಳೆಯುವ ಹಟ ಒಬ್ಬಳಿಗೇ ಇತ್ತು.

ನಿನ್ನನ್ನು ದೂರುತ್ತಿಲ್ಲ ಮಗಳೇ. ಅದನ್ನು ಗಟ್ಟಿಯಾಗಿ ಓದಿದವನು ನಾನು, ಎಲ್ಲೂ ತಡವರಿಸಲಿಲ್ಲ. ಅಷ್ಟು ಸಲೀಸಾಗಿತ್ತು.

ಆಮೇಲಿನದು ನಿನಗೆ ಗೊತ್ತೇ ಇದೆ. ಮೊದಲು ಕಂಪನಿ ಜಾಹೀರಾತು ನಿಲ್ಲಿಸಿತು, ಅದರ ಹಿಂದೆಯೇ ಉಳಿದವರು. ಧನಸಹಾಯ ಕೊಡುತ್ತಿದ್ದ ಸಂಸ್ಥೆಯವರು "ಹೊಗೆ ಕಾರೋರ ಮೇಲೆ ಬರೀರಿ ಅಂತ ದುಡ್ಡು ಕೊಟ್ರೆ ನಮ್ಮೋರ ಮೇಲೇ ಬರೀತೀರಲ್ರೀ" ಎಂದರಂತೆ. ಮೇಲೆ ಮಾನಹಾನಿಯ ಕೇಸು. ವಕೀಲರು ಸ್ವಲ್ಪ ದಿನ ಊರಲ್ಲಿರಬೇಡ ಎಂದರು, ನೀನು ಬೇರೆ ಊರಿನ ನಿನ್ನ ನಾದಿನಿಯ ಮನೆಗೆ ಹೋದೆ. ಆಫೀಸು ಮುಚ್ಚಿತು. ಆಫೀಸಿನ ಫೋನು ಮಾತ್ರ ಈಗ ನಮ್ಮ ಮನೆಯಲ್ಲಿ ರಿಂಗಾಗುತ್ತದೆ, ನೀನೇ ಹಾಗೆ ಮಾಡಿಸಿ ಹೋದೆಯಲ್ಲ. ಎತ್ತಿದರೆ ಮಾತಿರುತ್ತಿರಲಿಲ್ಲ, ಬರೀ ಉಸಿರು. ಕಾಯುತ್ತಿದ್ದೆ, ಇಟ್ಟುಬಿಡುತ್ತಿದ್ದರು.

ನಿನ್ನೆಯ ವಿಷಯಕ್ಕೆ ಬರುತ್ತೇನೆ. ಹೆಸರು ಹೇಳಿ ಅವನು ನನ್ನ ತಲೆಯನ್ನೇ ನೋಡುತ್ತಿದ್ದ. ನಿಜ ಹೇಳಲಾ? ಒಂದು ಗಳಿಗೆ ಕತ್ತು ತಾನಾಗಿ ಬಾಗುತ್ತದೇನೋ ಅನ್ನಿಸಿತು. ಕೇಸು ವಾಪಸ್, ಮಗಳು ಮನೆಗೆ. ಅಷ್ಟು ಸುಲಭ. ಆದರೆ ಆ ಕಡೆ ಏನಾಗುತ್ತದೆ? ಅವಳ ಮೇಲೆ ದಾಖಲೆ ಕದ್ದ ಕೇಸು, ಜೈಲು. ಅದು ಕೋರ್ಟಿನ ದಾರಿ. ಹೊಸ್ತಿಲಲ್ಲಿ ನಿಂತಿದ್ದವನ ದಾರಿ ಬೇರೆಯೇ ಇದ್ದಂತಿತ್ತು.

ಆಗ ನನಗೆ ಬರುವ ಒಂದೇ ವಿದ್ಯೆಯನ್ನು ಹೂಡಿದೆ, ಮಾತು. ಆ ಹೆಸರಿನವಳೊಬ್ಬಳು ನಮ್ಮ ಕಚೇರಿಯಲ್ಲಿ ಟೈಪಿಸ್ಟ್ ಇದ್ದಳು ಎಂದೆ. ಅವಳ ಗಂಡನ ಪಾಲಿಸಿ ಲ್ಯಾಪ್ಸ್ ಆದದ್ದು, ಮ್ಯಾನೇಜರ್ ಸಹಿ ಹಾಕದೆ ಸತಾಯಿಸಿದ್ದು, 'ವಿತ್ ಡ್ಯೂ ರಿಗಾರ್ಡ್ಸ್' ಎಂದು ನಾನು ಡ್ರಾಫ್ಟ್ ಮಾಡಿದ್ದು, ಒಂದಾದರೂ ನಡೆದದ್ದಲ್ಲ. "ಸಾರ್, ವಿಷಯಕ್ಕೆ ಬನ್ನಿ" ಎಂದ. ಅದಕ್ಕೇ ಬರ್ತಿದೀನಪ್ಪ, ಸ್ವಲ್ಪ ತಾಳು ಎಂದು ಮ್ಯಾನೇಜರನ ಮಗಳ ಮದುವೆಗೆ ಹೋದೆ. ನೀನು ಊಟಕ್ಕೆ ಕೂತಾಗ ತಲೆ ಚಚ್ಚಿಕೊಳ್ಳುತ್ತಿದ್ದೆಯಲ್ಲ, ಆ ನನ್ನ ಕೊರೆತ ನಿನ್ನೆ ಉಪಯೋಗಕ್ಕೆ ಬಂತು.

ಆದರೆ ಹೊಸ್ತಿಲಿನವನು ನನ್ನ ಮಾತು ಕೇಳುತ್ತಲೇ ಇರಲಿಲ್ಲ. ಒಂದು ಜೊತೆ ಚಪ್ಪಲಿಯನ್ನು ಬೂಟಿನ ತುದಿಯಿಂದ ಮುಂದಕ್ಕೆ ತಳ್ಳಿ "ಇದು ಯಾರ್ದು?" ಎಂದ. ನನ್ನ ಹೆಂಡತಿಯದು ಎಂದೆ. "ಅವರು ತೀರಿಕೊಂಡಿದಾರಲ್ವಾ." ಹೌದು, ಬಿಸಾಡಲು ಮನಸ್ಸಾಗಿಲ್ಲ ಎಂದೆ. "ಮನೇಲಿ ಒಬ್ರೇನಾ?" ಒಬ್ಬನೇ ಎಂದೆ. ಕೈಲಿದ್ದ ಟೀ ಅರ್ಧ ತೊಡೆಯ ಮೇಲೆ ಹೋಗಿತ್ತು, ಸುಟ್ಟದ್ದು ಅವರು ಹೋದ ಮೇಲೆ ತಿಳಿಯಿತು. ಗಾಬರಿಯಾಗಬೇಡ, ಮುಲಾಮು ಹಚ್ಚಿದ್ದೇನೆ.

ಜೇನುದನಿಯವನು ಹೊರಡುವಾಗ "ನಾಳೆ ಮಧ್ಯಾಹ್ನ ಪೊಲೀಸಿನವರ ಜೊತೆ ಬರ್ತೀವಿ ಸಾರ್. ಒಂದು ಸಲ ಮನೆ ನೋಡ್ಕೊಂಡು ಹೋಗ್ತೀವಿ, ಫಾರ್ಮಾಲಿಟಿ ಅಷ್ಟೆ" ಎಂದ. ಇಂದು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತೇನೋ. ಕಾಯುವುದು ಕಷ್ಟ. ಎದುರು ಬೀದಿಯಲ್ಲಿ ಬೂದು ಕಾರು ಬೆಳಿಗ್ಗೆಯಿಂದ ನಿಂತಿದೆ. ಯಾರದೋ ಇರಬಹುದು. ಹೊಸದಾಗಿ ಕೊಂಡವರು ಯಾರೋ ನಿಲ್ಲಿಸಿರಬಹುದು. ಪರದೆ ಸರಿಸಿ ನೋಡಿದರೆ ನೋಡಿದ್ದು ಅವರಿಗೆ ಕಾಣುತ್ತದೆ. ನೋಡದಿದ್ದರೆ ಅವರು ಮೆಟ್ಟಿಲು ಹತ್ತುತ್ತಿರುವಂತೆ ಕೇಳುತ್ತದೆ. ಮೇಲಿನ ಮನೆಯವರು ನಲ್ಲಿ ತಿರುಗಿಸಿದರೂ ಪೆನ್ನು ಕೆಳಗಿಟ್ಟು ಕಿವಿಗೊಡುತ್ತೇನೆ. 'ಫಿಯರ್ ಈಸ್ ಎ' ಅಂತ ನಮ್ಮ ಇಂಗ್ಲಿಷ್ ಮೇಷ್ಟ್ರು ಏನೋ ಒಂದು ಹೇಳುತ್ತಿದ್ದರು, ಬಹಳ ಚೆನ್ನಾಗಿತ್ತು. 'ಎ' ಆದ ಮೇಲೆ ಏನು ಎಂಬುದು ಎಷ್ಟು ಯೋಚಿಸಿದರೂ ಬರುತ್ತಿಲ್ಲ.

ಇನ್ನೊಂದು ವಿಷಯ ಬರೆಯಬೇಕೆಂದು ಊಟವಾದಾಗಿನಿಂದ ಕೂತಿದ್ದೇನೆ, ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದೆ. ನಿನ್ನ ಕೆಲಸ ವ್ಯರ್ಥವಾಯಿತೆಂದು ನೀನು ಆ ಮನೆಯಲ್ಲಿ ಕೂತು ಅಳುತ್ತಿದ್ದೀಯೆಂದು ನಿನ್ನ ನಾದಿನಿ ಹೇಳಿದಳು. ಅಳಬೇಡ. ಮಾಡುವ ಕೆಲಸ ಇನ್ನೂ ಇದೆ, ನಾಳೆಯಿಂದಲೇ.

ಅಯ್ಯೋ, ಬೆಳಕು ಹೋಗುತ್ತಿದೆ. ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ, ಈಗ ನೋಡಿದೆ. ದೀಪ ಹಾಕುವ ಹಾಗಿಲ್ಲ. ದೀಪ ಹಾಕಿದರೆ ಪರದೆಯ ಮೇಲೆ ನೆರಳು ಬೀಳುತ್ತದೆ. ನಿಲ್ಲಿಸುತ್ತೇನೆ.

ನಿನ್ನ,
ತಡವರಿಸುವ ಅಪ್ಪ

ತಾ.ಕ.: ಈ ಪತ್ರವನ್ನು ನಿನ್ನ ಕೈಗೆ ಕೊಟ್ಟವಳನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಓದಬೇಡ, ಮೊದಲು ಒಳಗೆ ಕರೆ. ಆಫೀಸಿನ ಫೋನಿನಲ್ಲಿ ಕೇಳುತ್ತಿದ್ದ ಆ ಉಸಿರು ಇವಳದೇ. ಮೂರು ದಿನದ ಹಿಂದೆ ಮಾತಾಡಿದಳು, ತನ್ನ ರೂಮಿನ ಕೆಳಗೆ ಯಾರೋ ನಿಂತಿದ್ದಾರೆ ಎಂದಳು, ನಾನು ನಮ್ಮ ಮನೆಯ ವಿಳಾಸ ಕೊಟ್ಟೆ, ಬಂದಳು. ನಿನ್ನೆ ಅವರು ಇದ್ದಷ್ಟು ಹೊತ್ತೂ ಬಚ್ಚಲಲ್ಲಿ ನಿಂತಿದ್ದಳು, ಪಾಪ, ಕೆಮ್ಮು ಬಂದರೂ ಕೆಮ್ಮದೆ. ನಾಳೆ ಬೆಳಗ್ಗೆ ಔಷಧಿ ಅಂಗಡಿಯವರ ವ್ಯಾನು ಹಿತ್ತಿಲ ಓಣಿಗೆ ಬರುತ್ತದೆ, ಅದರಲ್ಲೇ ಅವಳನ್ನು ಕಳಿಸುತ್ತಿದ್ದೇನೆ. ನೀವು ಚಿಕ್ಕಮ್ಮ ಎಂದಿರಿ, ನಾನು ಯಾರೋ ನಡುವಯಸ್ಸಿನ ಹೆಂಗಸು ಎಂದುಕೊಂಡಿದ್ದೆ. ನಿನಗಿಂತ ಚಿಕ್ಕವಳು ಕಣೇ. ಅನ್ನ ತಿನ್ನುವುದಿಲ್ಲ, ಗದರಿಸಿ ತಿನ್ನಿಸು. ಅವಳು ತಲುಪಿದಳೆಂದಾಗಲಿ, ಆಮೇಲೆ ಎಲ್ಲಿಗೆ ಹೋದಳೆಂದಾಗಲಿ ತಿಳಿಸಲು ಫೋನ್ ಮಾಡಬೇಡ. ನನಗೆ ತಿಳಿಯದಿದ್ದರೆ ಅವರು ಎಷ್ಟು ಕೇಳಿದರೂ ನನ್ನಲ್ಲಿ ಹೇಳಲು ಏನೂ ಇರುವುದಿಲ್ಲ.